ಮೂರನೆಯ ಚೂರು

ಹೊಸ ಸರಕಿನ ಬೆಲೆಯನ್ನು ಕಟ್ಟುವ ಕ್ರಮವನ್ನು ವಾಣಿಜ್ಯಶಾಸ್ತ್ರದ ಪುಸ್ತಕಗಳು ವಿಸ್ತಾರವಾಗಿ ಹೇಳುತ್ತವೆ. ಕೊಂಡ ಬೆಲೆ, ಸಾಗಾಣಿಕೆಯ ವೆಚ್ಚ, ತೆರಿಗೆ, ಬಂಡವಾಳದ ಬಡ್ಡಿ, ನ್ಯಾಯವಾದ ಲಾಭ ಇವಿಷ್ಟನ್ನು ಕೂಡಿದರೆ ಬೆಲೆ ಸಿದ್ಧವಾಗುತ್ತದೆ. ಬಳಸಿದ ಸರಕಿನ ಬೆಲೆಯನ್ನು ಕಟ್ಟುವುದು ಅಷ್ಟು ಸುಲಭವಲ್ಲ. ಸವಕಳಿಯನ್ನು ವರ್ಷಕ್ಕೆ ಶೇಕಡಾ ಇಷ್ಟು ಎಂದು ಕಳೆಯಬಹುದು; ಆದರೆ ಆ ವಸ್ತು ಯಾರ ಕೈಯಲ್ಲಿ ಹೇಗೆ ಬಾಳಿತು, ಎಂದು ಬಿದ್ದಿತು, ಯಾವಾಗ ಕೆಟ್ಟಿತು ಎಂಬುದನ್ನು ಯಾವ ಶೇಕಡಾವಾರು ಲೆಕ್ಕವೂ ಹೇಳಲಾರದು. ಅದನ್ನು ಬಲ್ಲವನು ಮಾರುವವನೊಬ್ಬನೇ. ಆದ್ದರಿಂದ ಹಳೆಯ ವಸ್ತುವನ್ನು ಕೊಳ್ಳುವವನು ಕೊಡುವ ಹಣದಲ್ಲಿ ಒಂದು ಪಾಲು ವಸ್ತುವಿಗೆ ಸಂದರೆ ಇನ್ನೊಂದು ಪಾಲು ಮಾರುವವನ ಮಾತಿಗೆ ಸಲ್ಲುತ್ತದೆ. ಈ ಎರಡನೆಯ ಪಾಲಿನ ಮಹತ್ತ್ವವೆಷ್ಟು ಎಂಬುದಕ್ಕೆ ಹೊನ್ನಾವರದ ಶರಾವತಿ ಅಳಿವೆಯ ಒಬ್ಬ ದೋಣಿಕಾರನ ವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ.

ಶರಾವತಿ ದೋಣಿಗಳ ನದಿ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯನ್ನು ಹಾದು ಹೊನ್ನಾವರದಲ್ಲಿ ಕಡಲನ್ನು ಸೇರುವ ಈ ನದಿಯ ಕೆಳಭಾಗದಲ್ಲಿ ನಾಲ್ಕುನೂರು ವರ್ಷಗಳ ಹಿಂದೆಯೇ ವ್ಯಾಪಾರವು ಸಮೃದ್ಧವಾಗಿತ್ತು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆಯ ಮೆಣಸು ಈ ನೀರಿನ ಹಾದಿಯಲ್ಲೇ ಕಡಲಿಗೆ ಇಳಿಯುತ್ತಿತ್ತು. ಇಂದು ಆ ಹಾದಿಯಲ್ಲಿ ಮೆಣಸಿನ ಮೂಟೆಗಳಿಲ್ಲ. ಘಟ್ಟದ ಮೇಲಿನಿಂದಲೂ ಬಯಲುಸೀಮೆಯಿಂದಲೂ ಬರುವ ಪ್ರವಾಸಿಗರು ಕಾಂಡ್ಲಾ ವನವನ್ನು ನೋಡಲೆಂದು ದೋಣಿ ಏರುತ್ತಾರೆ.

ದೋಣಿಕಾರನ ತಂದೆ ತಾರಿಯ ದೋಣಿಯನ್ನು ನಡೆಸುತ್ತಿದ್ದವನು. ಜಲ್ಲು ಮತ್ತು ಹುಟ್ಟುಗಳ ಹೊರತು ಬೇರೆ ಯಂತ್ರವನ್ನು ಆತ ಕಂಡವನಲ್ಲ. ರಸ್ತೆ ಸೇತುವೆಗಳು ಬಂದ ಮೇಲೆ ತಾರಿ ನಿಂತಿತು. ಮಗ ಹಲವು ವರ್ಷ ಸರಕಿನ ಆಟೋರಿಕ್ಷಾ ಓಡಿಸಿದ. ಪ್ರವಾಸಿಗರ ಸಂಖ್ಯೆ ಏರುತ್ತಿರುವುದನ್ನು ಕಂಡು ತಂದೆಯ ವೃತ್ತಿಗೆ ಮರಳುವ ಆಸೆ ಅವನಲ್ಲಿ ಮೂಡಿತು. ಹೊಸ ದೋಣಿಗೂ ಹೊಸ ಎಂಜಿನ್ನಿಗೂ ಬೇಕಾಗುವ ಹಣ ಅವನ ಕೈಗೆ ಎಟುಕುವಂತಿರಲಿಲ್ಲ. 2022ರ ಸೆಪ್ಟೆಂಬರ್ ತಿಂಗಳಲ್ಲಿ ಹೆಂಡತಿಯ ಬಳೆಗಳನ್ನು ಸಹಕಾರಿ ಸಂಘವೊಂದರಲ್ಲಿ ಒತ್ತೆಯಿಟ್ಟು, ದಕ್ಷಿಣದ ಒಂದು ಬಂದರಿನ ಊರಿನಿಂದ ಹದಿನೆಂಟು ಅಡಿಯ ಫೈಬರ್ ದೋಣಿಯನ್ನೂ ಅದರ ಹಿಂಬದಿಗೆ ಸಿಕ್ಕಿಸುವ ಇಪ್ಪತ್ತೈದು ಅಶ್ವಶಕ್ತಿಯ ಎರಡು ಸಿಲಿಂಡರಿನ ಔಟ್‌ಬೋರ್ಡ್ ಎಂಜಿನ್ನನ್ನೂ ರೂ. 92,000ಕ್ಕೆ ಕೊಂಡನು. ಲಾರಿಯ ಬಾಡಿಗೆ ರೂ. 6,500.

ಮಾರಿದವನು ಎಂಜಿನ್ನನ್ನು ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ, ಹಗ್ಗ ಎಳೆದು, ಎರಡು ನಿಮಿಷ ಓಡಿಸಿ ತೋರಿಸಿದ್ದನು. ಎಂಜಿನ್ ಮೊದಲ ಎಳೆತಕ್ಕೇ ಹೊತ್ತಿಕೊಂಡಿತು. ಅದರ ಹಿಂಭಾಗದ ಸಣ್ಣ ರಂಧ್ರದಿಂದ ತಂಪು ನೀರಿನ ಎಳೆಯೊಂದು ಚಿಮ್ಮಿತು. ಮೈಮೇಲೆ ಹೊಸ ನೀಲಿ ಬಣ್ಣ ಮಿರುಗುತ್ತಿತ್ತು. "ನೋಡಿ ಮಾರಾಯ್ರೆ, ಕಣ್ಣಿಗೆ ಕಾಣುವುದೇ ಇದೆಯಲ್ಲ, ಮತ್ತೇನು ಹೇಳಲಿ?" ಎಂದು ಮಾರಿದವನು ಕೇಳಿದ್ದನು. ಆತ ಹೇಳಿದ ಮಾತಿನಲ್ಲಿ ಸುಳ್ಳಿನ ಅಕ್ಷರವೊಂದೂ ಇರಲಿಲ್ಲ.

ಸೆಪ್ಟೆಂಬರ್ ಕೊನೆಯ ವಾರ ಮಳೆ ತಗ್ಗಿದ ಮೇಲೆ ದೋಣಿಕಾರನು ಹೆಂಡತಿಯ ತಮ್ಮನನ್ನು ಕೂರಿಸಿಕೊಂಡು ದೋಣಿಯನ್ನು ನೀರಿಗೆ ಇಳಿಸಿದನು. ಹತ್ತು ನಿಮಿಷ ಎಲ್ಲವೂ ಸರಿಯಾಗಿತ್ತು. ನದಿಯ ನಡುವೆ ವೇಗವನ್ನು ಹೆಚ್ಚಿಸಿ ಇನ್ನೈದು ನಿಮಿಷ ಕಳೆದಿರಬಹುದು. ಎಂಜಿನ್ನಿನ ಸದ್ದು ಭಾರವಾಯಿತು, ಬಣ್ಣ ಸುಟ್ಟ ವಾಸನೆ ಬಂತು, ಹಿಂದಿನ ರಂಧ್ರದಲ್ಲಿ ನೀರಿನ ಬದಲು ಹಬೆ ಕಾಣಿಸಿತು, ಒಂದು ಕಿರುಗುಟ್ಟುವಿಕೆಯೊಡನೆ ಎಂಜಿನ್ ನಿಂತೇಹೋಯಿತು. ಹಗ್ಗ ಎಳೆದರೆ ಜಗ್ಗಲಿಲ್ಲ. ಇಳಿತದ ವೇಳೆಯಾದ್ದರಿಂದ ನದಿಯು ದೋಣಿಯನ್ನು ಅಳಿವೆಯ ಕಡೆಗೆ ಸೆಳೆಯತೊಡಗಿತು. ತಂದೆಯ ಕಾಲದ ಹುಟ್ಟುಗಳೆರಡನ್ನು ಹೆಂಡತಿ ಹಟ ಮಾಡಿ ದೋಣಿಯಲ್ಲಿ ಇರಿಸಿದ್ದಳು. ಒಂದು ಗಂಟೆಗೂ ಮೀರಿ ಹುಟ್ಟು ಹಾಕಿ ಇಬ್ಬರೂ ದಡ ಸೇರಿದರು. ಅಂದು ದೋಣಿಯಲ್ಲಿ ಪ್ರವಾಸಿಗರಿದ್ದರೆ ಎಂಬ ಯೋಚನೆ ಆತನಿಗೆ ಬಂದದ್ದು ರಾತ್ರಿ ಮಲಗಿದ ಮೇಲೆ.

ಎಂಜಿನ್ನನ್ನು ತಾಲೂಕಿನಲ್ಲೇ ಇದ್ದ ಒಬ್ಬ ವೃದ್ಧ ಮಿಸ್ತ್ರಿಯ ಶೆಡ್ಡಿಗೆ ಸಾಗಿಸಲಾಯಿತು. ನಾಲ್ಕು ದಶಕ ಕಡಲ ಎಂಜಿನ್ನುಗಳನ್ನೇ ಬಿಚ್ಚಿ ಕಟ್ಟಿದ ಅನುಭವ ಅವರದು. ಅವರು ಮೊದಲು ಸ್ಪ್ಯಾನರನ್ನು ಮುಟ್ಟಲಿಲ್ಲ. ಎಂಜಿನ್ನಿನ ಕೆಳತುದಿಯಲ್ಲಿ ಕೂರಿಸಿದ್ದ ಸತುವಿನ ತುಂಡೊಂದನ್ನು ಬೆರಳಿನಿಂದ ತೋರಿಸಿ, "ಇದಕ್ಕೂ ಬಣ್ಣ ಬಳಿದಿದ್ದಾರೆ ನೋಡು ತಮ್ಮಾ" ಎಂದರು. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಟ್ಟಿಗಿದ್ದಾಗ ಒಂದು ಲೋಹವು ಸವೆಯತೊಡಗುತ್ತದೆ. ಎಂಜಿನ್ನಿನ ಅಲ್ಯೂಮಿನಿಯಂ ಸವೆಯದಿರಲೆಂದು ಅದಕ್ಕಿಂತ ಬೇಗ ಸವೆಯುವ ಸತುವನ್ನು ಅಲ್ಲಿ ಜೋಡಿಸಿರುತ್ತಾರೆ. ಸತುವು ತಾನು ಕರಗಿ ಮಿಕ್ಕದ್ದನ್ನು ಕಾಯುತ್ತದೆ. ಅದಕ್ಕೆ ಬಣ್ಣ ಬಳಿದರೆ ನೀರಿನ ಸ್ಪರ್ಶ ತಪ್ಪಿ, ಕಾಯುವ ಕೆಲಸ ನಿಂತುಹೋಗುತ್ತದೆ. ಅಂದವನ್ನು ನೋಡಿ ಬಳಿದ ಬಣ್ಣವು ಎಂಜಿನ್ನಿನ ಕಾವಲುಗಾರನ ಕಣ್ಣು ಕಟ್ಟಿತ್ತು.

ಇಂಥ ಎಂಜಿನ್ನಿಗೆ ಕಾರಿನಲ್ಲಿರುವಂತೆ ರೇಡಿಯೇಟರ್ ಇಲ್ಲ. ದೋಣಿ ತೇಲುವ ನೀರೇ ಅದನ್ನು ತಣಿಸಬೇಕು. ನೀರಿನೊಳಗೆ ಮುಳುಗಿರುವ ಕೆಳಭಾಗದಲ್ಲಿ ಇಂಪೆಲ್ಲರ್ ಎಂಬ ರಬ್ಬರಿನ ಚಕ್ರವೊಂದು ತಿರುಗುತ್ತ, ತನ್ನ ಎಸಳುಗಳಿಂದ ನೀರನ್ನು ಒತ್ತಿ ಸಣ್ಣ ಕೊಳವೆಯ ಮೂಲಕ ಮೇಲಕ್ಕೆ ಕಳುಹಿಸುತ್ತದೆ. ಆ ನೀರು ಸಿಲಿಂಡರುಗಳ ಸುತ್ತಲಿನ ಕಿರಿದಾದ ಓಣಿಗಳಲ್ಲಿ ಹರಿದು, ಶಾಖವನ್ನು ಹೊತ್ತು ಹೊರಗೆ ಬೀಳುತ್ತದೆ. ಅದರಲ್ಲಿ ಒಂದು ಎಳೆ ಮಾತ್ರ ಹಿಂದಿನ ರಂಧ್ರದಿಂದ ಚಿಮ್ಮಿ, ಪಂಪು ಕೆಲಸ ಮಾಡುತ್ತಿದೆ ಎಂದು ಚಾಲಕನಿಗೆ ತಿಳಿಸುತ್ತದೆ. ಇಂಪೆಲ್ಲರಿನ ರಬ್ಬರು ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರಿಯುತ್ತದೆ; ಮರಳು ಸೇರಿದರೆ, ನೀರಿಲ್ಲದೆ ತಿರುಗಿದರೆ ಇನ್ನೂ ಬೇಗ. ಎಸಳುಗಳು ಮುರಿದು ನೀರಿನೊಡನೆ ಮೇಲೇರಿ ಓಣಿಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಮಿಸ್ತ್ರಿಯವರು ಪ್ಲಗ್ಗುಗಳನ್ನು ಕಳಚಿ, ಬಿಗಿದುಕೊಂಡಿದ್ದ ಎಂಜಿನ್ನಿಗೆ ಎಣ್ಣೆ ಬಿಟ್ಟು, ಮರುದಿನ ನಿಧಾನವಾಗಿ ತಿರುಗಿಸಿ ಒತ್ತಡವನ್ನು ಅಳೆದರು. ಕೆಳಗಿನ ಸಿಲಿಂಡರಿನಲ್ಲಿ ಚದರ ಅಂಗುಲಕ್ಕೆ 115 ಪೌಂಡು, ಮೇಲಿನದರಲ್ಲಿ 60. ಎರಡರ ನಡುವೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿನ ಅಂತರ ಇರಬಾರದು. ನೀರು ಕೆಳಗಿನಿಂದ ಏರುವುದರಿಂದ ಮೇಲಿನ ಸಿಲಿಂಡರಿಗೆ ಅದು ಕೊನೆಯಲ್ಲಿ ತಲುಪುತ್ತದೆ. ನೀರು ಸಾಲದಾದಾಗ ಮೊದಲು ಬೇಯುವುದೂ ಅದೇ.

ಹೆಡ್ಡನ್ನು ಬಿಚ್ಚಲು ಮೂರು ದಿನ ಹಿಡಿಯಿತು. ಉಪ್ಪಿನಿಂದ ಕಚ್ಚಿಕೊಂಡ ಬೋಲ್ಟನ್ನು ಬಲದಿಂದ ತಿರುಗಿಸಿದರೆ ಅದು ಮುರಿಯುತ್ತದೆ. ಎಣ್ಣೆ ಬಿಡುವುದು, ಕಾಯಿಸುವುದು, ಸುತ್ತಿಗೆಯಿಂದ ಮೆಲ್ಲನೆ ತಟ್ಟುವುದು, ಅರ್ಧ ಸುತ್ತು ಬಿಚ್ಚಿ ಕಾಲು ಸುತ್ತು ಮತ್ತೆ ಬಿಗಿಯುವುದು, ಹೀಗೆ ಒಂದೊಂದನ್ನೂ ಒಲಿಸಿಕೊಳ್ಳಬೇಕಾಯಿತು. ಹೆಡ್ಡು ಹೊರಬಂದಾಗ ಕಂಡದ್ದು ಹೊಚ್ಚ ಹೊಸ ಗ್ಯಾಸ್ಕೆಟ್. ಪಿಸ್ಟನ್ನನ್ನು ಹೊರತೆಗೆದಾಗ ಅದರ ಒಂದು ಪಾರ್ಶ್ವದ ಅಲ್ಯೂಮಿನಿಯಂ ಕರಗಿ ಸಿಲಿಂಡರಿನ ಗೋಡೆಗೆ ಮೆತ್ತಿಕೊಂಡಿತ್ತು. ರಿಂಗುಗಳು ತಮ್ಮ ಗಾಡಿಯಲ್ಲೇ ಅಂಟಿಕೊಂಡಿದ್ದವು. ಆ ಹೊಸ ಗಾಯದ ಅಂಚಿನಲ್ಲಿ ಹಳೆಯ ಗಾಯವೊಂದರ ಗುರುತೂ ಇತ್ತು. ಎಮೆರಿ ಕಾಗದದಿಂದ ಉಜ್ಜಿದ ಅಡ್ಡಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಪಂಪನ್ನು ಬಿಚ್ಚಿದರೆ ಅಲ್ಲಿ ಇಂಪೆಲ್ಲರೂ ಹೊಸದೇ. ಮೇಲೇರುವ ಕೊಳವೆಯ ಬಾಯಲ್ಲಿ ಮಾತ್ರ ಹಳೆಯ ಕಪ್ಪು ರಬ್ಬರಿನ ಎರಡು ಚೂರುಗಳು ಸಿಕ್ಕಿಕೊಂಡಿದ್ದವು.

ಮಿಸ್ತ್ರಿಯವರು ಎಲ್ಲವನ್ನೂ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇರಿಸಿ, "ಇದು ಮೊದಲೇ ಒಮ್ಮೆ ಹಿಡಿದುಕೊಂಡ ಎಂಜಿನ್. ಯಾರೋ ಬಿಚ್ಚಿದ್ದಾರೆ, ನೋಡಿದ್ದಾರೆ, ಉಜ್ಜಿ ಮತ್ತೆ ಮುಚ್ಚಿದ್ದಾರೆ" ಎಂದರು. ಡ್ರಮ್ಮಿನಲ್ಲಿ ಎರಡು ನಿಮಿಷ ಭಾರವಿಲ್ಲದೆ ಓಡುವ ಎಂಜಿನ್ನಿಗೆ ಅಷ್ಟಿಷ್ಟು ನೀರೇ ಸಾಕು. ನದಿಯಲ್ಲಿ ಜನರನ್ನು ಹೊತ್ತು ಓಡುವಾಗಲೇ ಕೊರತೆ ಗೊತ್ತಾಗುವುದು. ಹಿಂದಿನ ರಂಧ್ರದ ನೀರಿನೆಳೆಯೂ ತಡೆಯಿದ್ದ ಜಾಗಕ್ಕೆ ಮೊದಲೇ ಕವಲೊಡೆದು ಬರುತ್ತಿದ್ದುದರಿಂದ ಕೊನೆಯ ಗಳಿಗೆಯವರೆಗೂ ಎಲ್ಲವೂ ಸುಗಮವೆಂದೇ ಸಾರುತ್ತಿತ್ತು.

ಇಲ್ಲಿ ವಾಚಕರು ಸ್ವಲ್ಪ ನಿಂತು ವಿಚಾರ ಮಾಡಬೇಕು. 1930ರ ಸರಕು ಮಾರಾಟ ಕಾಯಿದೆಯ ಹದಿನಾರನೆಯ ಕಲಮಿನ ಸಾಮಾನ್ಯ ತತ್ತ್ವವೆಂದರೆ, ಕೆಲವು ಅಪವಾದಗಳನ್ನು ಬಿಟ್ಟರೆ ಸರಕಿನ ಗುಣದ ವಿಷಯದಲ್ಲಿ ಕೊಳ್ಳುವವನೇ ಎಚ್ಚರದಿಂದಿರತಕ್ಕದ್ದು. 1872ರ ಕರಾರು ಕಾಯಿದೆಯ ಹದಿನೇಳನೆಯ ಕಲಮು ವಂಚನೆಯ ಲಕ್ಷಣವನ್ನು ಹೇಳುವಾಗ, ಮಾತನಾಡುವ ಕರ್ತವ್ಯವಿಲ್ಲದ ಕಡೆ ಬರಿಯ ಮೌನವನ್ನು ವಂಚನೆಯೆಂದು ಎಣಿಸುವುದಿಲ್ಲ. ಆದರೆ ತಿಳಿದೂ ತಿಳಿದೂ ಒಂದು ಸಂಗತಿಯನ್ನು ಮರೆಮಾಚುವ ಕೃತ್ಯವನ್ನು ವಂಚನೆಯ ಸಾಲಿನಲ್ಲೇ ಸೇರಿಸುತ್ತದೆ. ಸುಮ್ಮನಿರುವುದು ಬೇರೆ, ಬಣ್ಣ ಬಳಿಯುವುದು ಬೇರೆ. ಶ್ರಾವಕನ ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಒಳ್ಳೆಯದರಂತೆ ಕಾಣುವ ಕೀಳು ವಸ್ತುವನ್ನು ಒಳ್ಳೆಯದೆಂದು ದಾಟಿಸುವುದೇ ಅದು. ಹಾಲಿಗೆ ನೀರು, ತುಪ್ಪಕ್ಕೆ ಎಣ್ಣೆ ಎಂಬ ಹಳೆಯ ಉದಾಹರಣೆಗಳನ್ನು ಕೇಳಿ ಕೇಳಿ ಅದು ಕಿರಾಣಿ ಅಂಗಡಿಯವರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಅನೇಕರು ಭಾವಿಸುತ್ತಾರೆ. ಹಳೆಯ ಸ್ಕೂಟರನ್ನು, ಸೋರುವ ಮನೆಯನ್ನು, ಬೇಯ್ದ ಎಂಜಿನ್ನನ್ನು ಮಾರುವ ಪ್ರತಿಯೊಬ್ಬ ಗೃಹಸ್ಥನೂ ಒಂದು ದಿನದ ಮಟ್ಟಿಗೆ ವ್ಯಾಪಾರಿಯೇ ಎಂಬುದು ಮರೆತುಹೋಗಿರುತ್ತದೆ.

ಕಥೆಗೆ ಮರಳಬೇಕು. ರಿಪೇರಿಯ ಕೆಲಸ ಸಾಗಿತು. ಸಿಲಿಂಡರಿನ ಎರಕದ ಕಬ್ಬಿಣದ ಲೈನರಿಗೆ ಮೆತ್ತಿಕೊಂಡ ಅಲ್ಯೂಮಿನಿಯಮ್ಮನ್ನು ಆಮ್ಲದಿಂದ ಕರಗಿಸಿ ನೋಡಿದರು. ಗೋಡೆಯ ಮೇಲೆ ಉಗುರಿಗೆ ತಗಲುವಷ್ಟು ಆಳದ ಗೀರುಗಳಿದ್ದವು. ಅದನ್ನು ಬೋರಿಂಗ್ ಮಾಡಿಸಿ ಅರ್ಧ ಮಿಲಿಮೀಟರು ದೊಡ್ಡ ಪಿಸ್ಟನ್ನನ್ನೂ ರಿಂಗುಗಳನ್ನೂ ಹಾಕುವುದೆಂದು ತೀರ್ಮಾನವಾಯಿತು. ಹೆಡ್ಡು ಶಾಖಕ್ಕೆ ಕೊಂಚ ಬಾಗಿತ್ತು. ದಪ್ಪ ಗಾಜಿನ ಮೇಲೆ ಎಮೆರಿ ಕಾಗದವನ್ನು ಹಾಸಿ, ಅದರ ಮೇಲೆ ಹೆಡ್ಡನ್ನು ಎಂಟರ ಆಕಾರದಲ್ಲಿ ತೇಯ್ದು ಸಮ ಮಾಡಿದರು. ಸರಕಿನ ಆಟೋರಿಕ್ಷಾದ ಬಾಡಿಗೆ ಮುಗಿಸಿ ಸಂಜೆ ಬಂದು ದೋಣಿಕಾರನೇ ಈ ತೇಯುವ ಕೆಲಸವನ್ನು ಮಾಡಿದನು. ಕೂಲಿಯಲ್ಲಿ ಅಷ್ಟು ಉಳಿಯಿತು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಮುರಿದ ಎಸಳುಗಳು ಎಷ್ಟು? ಸಿಕ್ಕಿದ್ದು ಎರಡು ಚೂರು. ಇಂಪೆಲ್ಲರಿಗೆ ಇರುವುದು ಆರು ಎಸಳು. ಮುರಿದದ್ದು ಎರಡೇ ಆಗಿದ್ದರೆ ಲೆಕ್ಕ ಸರಿಹೋಯಿತು. ಮೂರೋ ನಾಲ್ಕೋ ಆಗಿದ್ದರೆ ಉಳಿದ ಚೂರು ಇನ್ನೂ ಒಳಗೇ ಇದೆ, ಹೊಸ ಪಿಸ್ಟನ್ನೂ ಬೇಯುತ್ತದೆ. ನೀರಿನ ಓಣಿಗಳನ್ನೆಲ್ಲ ತೆರೆದು ನೋಡಬೇಕಾದರೆ ಹೊಗೆ ಹೋಗುವ ಬದಿಯ ಮುಚ್ಚಳವನ್ನೂ ಬಿಚ್ಚಬೇಕು. ಅದರ ಬೋಲ್ಟುಗಳು ಹೆಡ್ಡಿನವಕ್ಕಿಂತ ಹೆಚ್ಚು ಕೊರೆದುಹೋಗಿದ್ದವು. ಮುರಿದರೆ ವಾರಗಟ್ಟಲೆ ಕೆಲಸ. "ಹಳೆಯ ಇಂಪೆಲ್ಲರನ್ನು ನೋಡಿದವನಿಗೆ ಮಾತ್ರ ಗೊತ್ತು" ಎಂದರು ಮಿಸ್ತ್ರಿಯವರು.

ಹೀಗೆ ದೋಣಿಕಾರನು ಅಕ್ಟೋಬರ್ ನಡುವೆ ಒಂದು ದಿನ ಮುಂಜಾನೆಯ ಬಸ್ಸು ಹಿಡಿದು ಮಾರಿದವನ ಊರಿಗೆ ಹೋದನು. ಬಾಗಿಲಲ್ಲಿ ಆತನನ್ನು ಕಂಡೊಡನೆ ಮಾರಿದವನ ಮುಖ ಬಿಗಿಯಿತು. "ಇದ್ದದ್ದನ್ನು ಇದ್ದಂತೆ ಕೊಟ್ಟದ್ದು. ನೀವೂ ಓಡಿಸಿ ನೋಡಿ ಒಪ್ಪಿದ್ದೀರಿ. ಇನ್ನು ಹಣದ ಮಾತು ಬೇಡ" ಎಂದನು.

"ಹಣ ಕೇಳಲು ಬಂದಿಲ್ಲ. ಹಳೆಯ ಇಂಪೆಲ್ಲರಿನಲ್ಲಿ ಎಷ್ಟು ಎಸಳು ಮುರಿದಿದ್ದವು? ಅಷ್ಟು ಹೇಳಿದರೆ ಸಾಕು."

ಮಾರಿದವನು ಬಹಳ ಹೊತ್ತು ಮಾತನಾಡಲಿಲ್ಲ. ಜಗಳಕ್ಕೆ ಉತ್ತರವನ್ನು ಆತ ಸಿದ್ಧಪಡಿಸಿಕೊಂಡಿದ್ದನು. ಈ ಪ್ರಶ್ನೆಗೆ ಸಿದ್ಧನಾಗಿರಲಿಲ್ಲ. ಉತ್ತರ ಹೇಳಿದರೆ ತನಗೆ ಎಲ್ಲವೂ ಗೊತ್ತಿತ್ತೆಂದು ಒಪ್ಪಿದಂತೆ. ಹೇಳದಿದ್ದರೆ ಮುಂದೊಂದು ದಿನ ಆ ನದಿಯಲ್ಲಿ ಏನಾದರೂ ಆದಾಗ ಅದರ ಪಾಲು ತನ್ನ ಮನೆಗೆ ಬರುತ್ತದೆ. ಕೊನೆಗೆ ಒಳಗೆ ಹೋಗಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತಂದು, ಕಾಗದದಲ್ಲಿ ಸುತ್ತಿದ್ದ ಕಪ್ಪು ಚಕ್ರವನ್ನು ದೋಣಿಕಾರನ ಕೈಯಲ್ಲಿ ಇಟ್ಟನು. ಮೂರು ಎಸಳುಗಳಿರಲಿಲ್ಲ.

ಅನಂತರ ಆತ ತಾನಾಗಿಯೇ ಹೇಳಿದನು. ಎರಡು ವರ್ಷದ ಹಿಂದೆ ಅವನೂ ಅದನ್ನು ಹೀಗೆಯೇ ಬಣ್ಣ ನೋಡಿ ಕೊಂಡವನು. ಎಂಜಿನ್ ಹಿಡಿದುಕೊಂಡಾಗ ಬಿಚ್ಚಿಸಿದನು. ಬೋರಿಂಗಿಗೂ ಪಿಸ್ಟನ್ನಿಗೂ ಆಗುವ ಖರ್ಚನ್ನು ಕೇಳಿ ಎದೆಗುಂದಿದನು. ತಾನು ಕಳೆದುಕೊಂಡ ಹಣವನ್ನು ಇನ್ನೊಬ್ಬನಿಂದ ಪಡೆದುಕೊಂಡರೆ ತಪ್ಪೇನು ಎಂದು ಅಂದು ತೋರಿತ್ತು. ದೋಣಿಕಾರನಿಗೆ ಚಹಾ ಕೊಟ್ಟು ಬಸ್ಸಿನವರೆಗೂ ಜೊತೆಗೆ ಬಂದನು. ಹಣದ ಮಾತನ್ನು ಇಬ್ಬರೂ ಎತ್ತಲಿಲ್ಲ.

ವಂಚನೆಯ ಬಹುಪಾಲು ಈ ರೀತಿಯಲ್ಲೇ ಲೋಕದಲ್ಲಿ ಸಂಚರಿಸುತ್ತದೆ. ಮೋಸ ಮಾಡಬೇಕೆಂದು ಹೊರಟವರು ಕೆಲವರೇ. ಮೋಸಹೋದವರು ತಮ್ಮ ನಷ್ಟವನ್ನು ಮುಂದಿನವನ ಖಾತೆಗೆ ವರ್ಗಾಯಿಸುತ್ತಾರೆ. ಆತ ಅದಕ್ಕೆ ಒಂದಿಷ್ಟು ಬಣ್ಣ ಸೇರಿಸಿ ಮುಂದಕ್ಕೆ ದಾಟಿಸುತ್ತಾನೆ. ನಷ್ಟ ಒಂದೇ, ಆದರೆ ಕೈಯಿಂದ ಕೈಗೆ ಹೋಗುವಾಗ ಅದರ ತೂಕ ಹೆಚ್ಚುತ್ತದೆ. ಕೊನೆಗೆ ಅದು ಯಾರ ತಲೆಯ ಮೇಲೆ ಬೀಳುತ್ತದೆಂದರೆ, ವ್ಯವಹಾರದಲ್ಲಿ ಭಾಗಿಯೇ ಆಗಿರದ ಒಬ್ಬ ಪ್ರಯಾಣಿಕನ ಮೇಲೆ.

ದೋಣಿಕಾರನು ಹಿಂದಿರುಗಿದಾಗ ದೀಪಾವಳಿಗೆ ಒಂದು ವಾರ ಉಳಿದಿತ್ತು. ರಜೆಗೆಂದು ಘಟ್ಟದ ಮೇಲಿನ ಒಂದು ಕುಟುಂಬದವರು ಎಂಟು ಮಂದಿ ಆತನ ದೋಣಿಯನ್ನು ಗೊತ್ತುಮಾಡಿ ರೂ. 2,000 ಮುಂಗಡವನ್ನೂ ಕಳುಹಿಸಿದ್ದರು. ಅವರಲ್ಲಿ ಮೂವರು ಮಕ್ಕಳು. ಮೂರನೆಯ ಚೂರು ಇನ್ನೂ ಸಿಕ್ಕಿರಲಿಲ್ಲ. ಸಂಘದ ಬಡ್ಡಿಯ ಕಂತು ಆ ತಿಂಗಳೇ ಕಟ್ಟಬೇಕಿತ್ತು. ಆತ ಮಿಸ್ತ್ರಿಯವರನ್ನು ಕೇಳಿದನು: ಚೂರು ಎಲ್ಲೋ ನೀರಿನೊಡನೆ ಹೊರಗೆ ಹೋಗಿರಲೂಬಹುದಲ್ಲವೇ? ಈಗ ಕಟ್ಟಿಬಿಟ್ಟರೆ ಹಬ್ಬಕ್ಕೆ ಓಡಿಸಬಹುದಲ್ಲವೇ?

"ಹೋಗಿರಬಹುದು" ಎಂದರು ಮಿಸ್ತ್ರಿಯವರು. "ಕಟ್ಟು ಎಂದರೆ ಕಟ್ಟಿಕೊಡುತ್ತೇನೆ, ಎಂಜಿನ್ ನಿನ್ನದು. ಆದರೆ ನನ್ನ ಮೊಮ್ಮಕ್ಕಳನ್ನು ಅದರಲ್ಲಿ ಕೂರಿಸುವುದಿಲ್ಲ ತಮ್ಮಾ."

ಆ ರಾತ್ರಿ ಗಂಡ ಹೆಂಡತಿ ಮಾತನಾಡಿಕೊಂಡರು. ಬಳೆಗಳು ಅವಳವಾದ್ದರಿಂದ ಆತ ಅವಳನ್ನು ಕೇಳದೆ ನಿರ್ಧಾರ ಮಾಡುವಂತಿರಲಿಲ್ಲ. ಹುಟ್ಟುಗಳನ್ನು ದೋಣಿಯಲ್ಲಿ ಇರಿಸಿದವಳಿಗೆ ಹೆಚ್ಚು ಹೇಳಬೇಕಾಗಿಯೂ ಇರಲಿಲ್ಲ. ಮರುದಿನ ಆತ ಮುಂಗಡವನ್ನು ಹಿಂದಿರುಗಿಸಿ, ಆ ಕುಟುಂಬಕ್ಕೆ ಪರಿಚಯದ ಇನ್ನೊಬ್ಬ ದೋಣಿಯವನನ್ನು ಗೊತ್ತುಮಾಡಿಕೊಟ್ಟನು. ಸಂಘಕ್ಕೆ ಹೋಗಿ ಕಂತನ್ನು ದಂಡಬಡ್ಡಿಯೊಡನೆ ಮುಂದಿನ ತಿಂಗಳು ಕಟ್ಟುವುದಾಗಿ ಒಪ್ಪಿ ಬಂದನು.

ಹೊಗೆಯ ಬದಿಯ ಮುಚ್ಚಳವನ್ನು ಬಿಚ್ಚುವಾಗ ಹೆದರಿದ್ದಂತೆಯೇ ಒಂದು ಬೋಲ್ಟು ಮುರಿಯಿತು. ಅದನ್ನು ಕೊರೆದು ತೆಗೆದು ಹೊಸ ಮರೆ ಕೂರಿಸುವುದಕ್ಕೆ ನಾಲ್ಕು ದಿನ ಬೇಕಾಯಿತು. ಮುಚ್ಚಳ ತೆರೆದಾಗ ಓಣಿಯ ತುಂಬ ಉಪ್ಪಿನ ಬಿಳಿಯ ಗಟ್ಟಿ ಪದರ. ಅದನ್ನು ವಿನೆಗರಿನಲ್ಲಿ ನೆನೆಯಿಸಿ, ತಂತಿಯಿಂದ ಕೆದಕಿ, ನೀರು ಹಾಯಿಸಿದರು. ಮೇಲಿನ ಸಿಲಿಂಡರಿನ ಮಗ್ಗುಲಲ್ಲೇ, ಉಪ್ಪಿನಲ್ಲಿ ಹೂತುಹೋಗಿ, ಹುಣಸೆಬೀಜದಷ್ಟು ಗಾತ್ರದ ಕಪ್ಪು ರಬ್ಬರಿನ ಚೂರೊಂದು ಕುಳಿತಿತ್ತು. ಮೂರೂ ಚೂರುಗಳನ್ನು ಹಳೆಯ ಇಂಪೆಲ್ಲರಿಗೆ ಹೊಂದಿಸಿ ನೋಡಿದರು. ಮುರಿದ ಅಂಚಿಗೆ ಅಂಚು ಕೂಡಿತು. ಅಂದು ನವೆಂಬರ್ 3.

ಮುಂದಿನದು ಶಿಸ್ತಿನ ಕೆಲಸ. ಹೊಸ ಪಿಸ್ಟನ್ನಿನ ಬಾಣದ ಗುರುತು ಹೊಗೆಯ ಬದಿಗೆ ಇರುವಂತೆ ಕೂರಿಸಿದರು. ರಿಂಗಿನ ಸಂದನ್ನು ಫೀಲರ್ ಗೇಜಿನಿಂದ ಅಳೆದರು. ಪಿನ್ನನ್ನು ಹಿಡಿಯುವ ಪುಟ್ಟ ಕ್ಲಿಪ್ಪುಗಳಿಗೆ ಹಳೆಯವನ್ನೇ ಮರಳಿ ಬಳಸಲಿಲ್ಲ, ಏಕೆಂದರೆ ಒಮ್ಮೆ ಬಾಗಿದ ಕ್ಲಿಪ್ಪು ಜಾರಿದರೆ ಇಡೀ ಸಿಲಿಂಡರನ್ನು ಹಾಳುಮಾಡುತ್ತದೆ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಗಿನ ಕ್ರಮದಲ್ಲಿ ಎರಡು ಸುತ್ತಿನಲ್ಲಿ ಬಿಗಿದರು. ಸತುವಿನ ಹೊಸ ತುಂಡನ್ನು ಬಣ್ಣವಿಲ್ಲದೆ ಜೋಡಿಸಿದರು. ಮೊದಲ ಹತ್ತು ಗಂಟೆ ಓಡಿಸುವಾಗ ಪೆಟ್ರೋಲಿಗೆ 50ಕ್ಕೆ 1ರ ಬದಲು 25ಕ್ಕೆ 1ರಂತೆ ಎಣ್ಣೆ ಬೆರೆಸಬೇಕು, ಪೂರ್ಣವೇಗಕ್ಕೆ ಹೋಗಕೂಡದು, ಪ್ರತಿದಿನ ಓಡಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು ಎಂದು ಮಿಸ್ತ್ರಿಯವರು ವಿಧಿಸಿದರು. ಆ ಹತ್ತು ಗಂಟೆಗಳೂ ದೋಣಿಯಲ್ಲಿ ಇದ್ದವರು ಇಬ್ಬರೇ, ಜೊತೆಗೆ ಎರಡು ಹುಟ್ಟುಗಳು. ದೋಣಿಯ ನೋಂದಣಿ ಮತ್ತು ತಪಾಸಣೆಯ ಕಾಗದಪತ್ರಗಳೂ ಈ ನಡುವೆ ಪೂರ್ಣವಾದವು. ಡಿಸೆಂಬರಿನಲ್ಲಿ ಪ್ರವಾಸಿಗರು ಏರಿದರು.

ಆತನ ಹೆಂಡತಿ ಇಟ್ಟ ಲೆಕ್ಕದ ಪ್ರಕಾರ ರಿಪೇರಿಗೆ ತಗಲಿದ್ದು ಹೀಗಿದೆ. ಪಿಸ್ಟನ್, ರಿಂಗು, ಪಿನ್ನು ರೂ. 7,400, ಬೋರಿಂಗ್ ರೂ. 2,800, ಗ್ಯಾಸ್ಕೆಟ್ಟುಗಳು ರೂ. 3,200, ಪಂಪಿನ ಸಾಮಾನು ರೂ. 1,900, ಸತುವಿನ ತುಂಡು ರೂ. 450, ಬೋಲ್ಟು ಮತ್ತು ಮರೆಯ ಕೆಲಸ ರೂ. 1,200, ಮಿಸ್ತ್ರಿಯವರ ಕೂಲಿ ರೂ. 9,000, ಮಾರಿದವನ ಊರಿಗೆ ಹೋಗಿಬಂದದ್ದು ರೂ. 1,100. ಒಟ್ಟು ರೂ. 27,050. ಅಗ್ಗವೆಂದು ಕೊಂಡ ದೋಣಿ ಲಾರಿಯ ಬಾಡಿಗೆಯೂ ಸೇರಿ ರೂ. 1,25,550ಕ್ಕೆ ಬಂದು ನಿಂತಿತು. ಮೊದಲೇ ದೋಷವನ್ನು ಹೇಳಿ ಮಾರಿದವನು ಬೆಲೆಯನ್ನು ಇಪ್ಪತ್ತೇಳು ಸಾವಿರ ಇಳಿಸಿದ್ದರೆ ಕೊಂಡವನಿಗೆ ನಷ್ಟವಾಗುತ್ತಿರಲಿಲ್ಲ, ಎರಡು ತಿಂಗಳ ದುಡಿಮೆಯೂ ಉಳಿಯುತ್ತಿತ್ತು. ಮರೆಮಾಚಿದ ದೋಷದ ಬೆಲೆ ಹೇಳಿದ ದೋಷದ ಬೆಲೆಗಿಂತ ಯಾವಾಗಲೂ ಹೆಚ್ಚು.

ಮರುವರ್ಷ, 2023ರ ಮೇ 7ರಂದು, ಕೇರಳದ ತಾನೂರಿನಲ್ಲಿ ಪ್ರವಾಸಿಗರ ದೋಣಿಯೊಂದು ಮಗುಚಿ 22 ಮಂದಿ ಮೃತರಾದರು. ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ, ಮಿತಿಮೀರಿ ಜನರನ್ನು ತುಂಬಿಸಿದ್ದು ಅದಕ್ಕೆ ಕಾರಣವೆಂದು ಪತ್ರಿಕೆಗಳು ಬರೆದವು. ಅಲ್ಲಿನ ದೋಷ ಎಂಜಿನ್ನಿನದಲ್ಲ. ಆದರೆ ದಡದಲ್ಲಿ ಕುಳಿತು ಆ ಸುದ್ದಿಯನ್ನು ಓದಿದ ದೋಣಿಯವರಿಗೆ ಒಂದು ಮಾತು ಅರ್ಥವಾಯಿತು. ಟಿಕೇಟು ಕೊಂಡು ಏರುವವನು ದೋಣಿಯ ಒಳಗನ್ನು ನೋಡಲಾರ. 2021ರ ಒಳನಾಡು ಹಡಗುಗಳ ಕಾಯಿದೆ ನೋಂದಣಿಯನ್ನೂ ತಪಾಸಣೆಯನ್ನೂ ಕಡ್ಡಾಯ ಮಾಡಿದೆ, ಅದು ಆವಶ್ಯಕವೇ. ಆದರೂ ಹುಣಸೆಬೀಜದಷ್ಟು ರಬ್ಬರು ಎಲ್ಲಿ ಅಡಗಿದೆ ಎಂಬುದನ್ನು ಯಾವ ಪರೀಕ್ಷಕನೂ ಹೊರಗಿನಿಂದ ಕಾಣಲಾರ. ಅಲ್ಲಿ ಮಾಲೀಕನ ಅಪ್ರಮಾದವೊಂದೇ ಕಾವಲು.

ಮೂರು ಹಂಗಾಮು ದುಡಿದ ಮೇಲೆ ಬಳೆಗಳು ಮನೆಗೆ ಮರಳಿದವು. 2025ರ ಮೇ ತಿಂಗಳಲ್ಲಿ ದೊಡ್ಡ ದೋಣಿಯನ್ನು ಕೊಳ್ಳುವ ಸಲುವಾಗಿ ಆತ ಹಳೆಯದನ್ನು ಮಾರಲು ನಿಶ್ಚಯಿಸಿದನು. ರಿಪೇರಿಯ ದಿನದಿಂದಲೂ ಆತ ಒಂದು ನೋಟುಪುಸ್ತಕವನ್ನು ಇಟ್ಟಿದ್ದನು. ಎಂಜಿನ್ ಹಿಡಿದುಕೊಂಡ ದಿನ, ಒಳಗೆ ಕಂಡದ್ದು, ಹಾಕಿದ ಸಾಮಾನು, ಮುರಿದ ಬೋಲ್ಟು, ಓಡಿದ ಗಂಟೆಗಳು, ಇಂಪೆಲ್ಲರನ್ನು ವರ್ಷವರ್ಷ ಬದಲಿಸಿದ ದಿನಾಂಕ ಎಲ್ಲವೂ ಅದರಲ್ಲಿದ್ದವು. ದಲ್ಲಾಳಿಯೊಬ್ಬನು ಎಂಜಿನ್ನಿನ ಸದ್ದು ಕೇಳಿ ತೊಂಬತ್ತು ಸಾವಿರಕ್ಕೆ ಗಿರಾಕಿಯನ್ನು ತರುವುದಾಗಿ ಹೇಳಿ, "ಆ ಪುಸ್ತಕವನ್ನು ಮಾತ್ರ ಮನೆಯಲ್ಲೇ ಇಡು ಮಾರಾಯ" ಎಂದನು. ಪುಸ್ತಕ ಮನೆಯಲ್ಲಿ ಉಳಿಯಲಿಲ್ಲ. ಮೊದಲ ಗಿರಾಕಿ ಎರಡು ಪುಟ ಓದಿ, ಒಮ್ಮೆ ಬೆಂದ ಎಂಜಿನ್ ಬೇಡವೆಂದು ಹೊರಟುಹೋದನು. ಒಂದು ತಿಂಗಳು ಯಾರೂ ಬರಲಿಲ್ಲ. ಜೂನ್ ಮೊದಲ ವಾರ, ಮಳೆ ಶುರುವಾದ ಮೇಲೆ, ನದಿಯ ಮೇಲ್ಭಾಗದ ಊರಿನ ಒಬ್ಬ ಯುವಕ ತನ್ನ ಮೆಕ್ಯಾನಿಕ್ಕನ್ನು ಕರೆತಂದು, ಇಬ್ಬರೂ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅರ್ಧ ಗಂಟೆ ನದಿಯಲ್ಲಿ ಓಡಿಸಿ, ರೂ. 76,000 ಕೊಟ್ಟರು.

ದಲ್ಲಾಳಿಯ ಲೆಕ್ಕದಲ್ಲಿ ಇದು ಹದಿನಾಲ್ಕು ಸಾವಿರದ ನಷ್ಟ. ಲೆಕ್ಕಪತ್ರದ ವಿದ್ಯೆಯನ್ನು ಸರಿಯಾಗಿ ಬಲ್ಲವರು ಹಾಗೆ ಹೇಳಲಾರರು. ಇನ್ನೊಬ್ಬನಿಗೆ ಸಲ್ಲಬೇಕಾದ ಹಣ ತನ್ನ ಪೆಟ್ಟಿಗೆಯಲ್ಲಿ ಇದ್ದರೆ ಅದನ್ನು ಲಾಭವೆಂದು ಬರೆಯುವುದಿಲ್ಲ, ಹೊಣೆಯೆಂದು ಬರೆಯುತ್ತಾರೆ. ಆ ಹದಿನಾಲ್ಕು ಸಾವಿರ ಎಂದೂ ಆತನದಾಗಿರಲಿಲ್ಲ.

ಎಂಜಿನ್ನನ್ನು ಗಾಡಿಗೆ ಏರಿಸಿದ ಮೇಲೆ ದೋಣಿಕಾರನು ಯುವಕನ ಕೈಗೆ ಪುಸ್ತಕವನ್ನೂ ಬಿಸ್ಕತ್ತಿನ ಒಂದು ಹಳೆಯ ಡಬ್ಬಿಯನ್ನೂ ಕೊಟ್ಟನು. ಯುವಕನು ಡಬ್ಬಿಯ ಮುಚ್ಚಳ ತೆಗೆದು, ಮುರಿದ ಚಕ್ರವನ್ನೂ ಮೂರು ಚೂರುಗಳನ್ನೂ ಕಂಡು, ಇದೆಲ್ಲ ಏಕೆಂದು ಕೇಳಿದನು.

"ಎಣಿಸಿ ನೋಡು. ಮೂರೂ ಇವೆ" ಎಂದನು ದೋಣಿಕಾರ.